ಪೆಡ್ಡರ್ ರೋಡ್ ದಾಟಿದ ಮೇಲೆ

ಮುಂಬೈ ಮ್ಯಾರಥಾನ್ ಓಡ್ತೀನಿ ಅಂತ ಬಾಯಿ ಬಿಟ್ಟ ದಿನದಿಂದ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಪೆಡ್ಡರ್ ರೋಡ್ ಏರು ನೋಡ್ಕೋ.’ ಓಡಿದವರೂ ಹೇಳಿದರು, ಓಡದವರೂ ಹೇಳಿದರು. ನಾನು ಓಡಿದ ವರ್ಷ ಆ ಏರು ಎರಡು ಸಲ ಇತ್ತು. ಹೋಗುವಾಗ ಕತ್ತಲಲ್ಲಿ, ಕಾಲು ಇನ್ನೂ ಹೊಸದಾಗಿದ್ದಾಗ, ಗೊತ್ತೇ ಆಗುವುದಿಲ್ಲ. ಬರುವಾಗ 35 ಕಿ.ಮೀ. ಆಸುಪಾಸಿನಲ್ಲಿ, ಬಿಸಿಲು ಏರಿದ ಮೇಲೆ. ಎಲ್ಲರೂ ಹೆದರಿಸುವುದು ಈ ಎರಡನೇ ಸಲದ್ದನ್ನು. ನನ್ನ ಪ್ರಕಾರ ನಿಜವಾದ ಕಷ್ಟ ಅದನ್ನು ದಾಟಿದ ಮೇಲೆ, ಮರೀನ್ ಡ್ರೈವ್‌ನಲ್ಲಿ ಇದೆ. ಏರಿಗೆ ತಯಾರಾಗುವುದು ಸುಲಭ. ಸಪಾಟು ರಸ್ತೆ, ಬಿಸಿಲು ಮತ್ತು ಬೇಜಾರು, ಈ ಮೂರಕ್ಕೂ ಸೇರಿಸಿ ತಯಾರಾಗಬೇಕು.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಠಾಣೆಗೆ ಬಂದೆ, ಅಕೌಂಟ್ಸ್ ಕೆಲಸ. ನಲವತ್ತು ದಾಟಿದ ಮೇಲೆ ಓಟ ಶುರು ಮಾಡಿದ್ದು. ವೇಗ ನನ್ನ ಹಣೆಬರಹದಲ್ಲಿ ಇಲ್ಲ. ಮೊದಲು ಇದೇ ಮುಂಬೈ ಓಟದ ಹಾಫ್ ಮುಗಿಸಿದ್ದೆ, ಮಾಹಿಮ್‌ನಿಂದ ಶುರುವಾಗುವುದು. ಫುಲ್‌ಗೆ ಸುಮ್ನೆ ದುಡ್ಡು ಕಟ್ಟಿದರೆ ಆಗುವುದಿಲ್ಲ, ಹಳೆಯ ಓಟದ ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ. ಅದು ಒಳ್ಳೆಯದೇ. 42.195 ಕಿ.ಮೀ. ಅನ್ನುವುದು ಹುಮ್ಮಸ್ಸಿನಲ್ಲಿ ಕೈಹಾಕುವ ಕೆಲಸ ಅಲ್ಲ.

ಓಟ ಜನವರಿಯ ಮೂರನೇ ಭಾನುವಾರ. ಅಂದರೆ ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು. ಮುಂಬೈ ಕಡೆಯ ಮಳೆಯಲ್ಲಿ ಓಡುವುದು ಅಂದರೆ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಊಹೆ ಮಾಡುತ್ತಾ ಓಡುವುದು. ನಮ್ಮ ಗುಂಪಿನಲ್ಲಿ ನಾಲ್ಕೈದು ಜನ ಕನ್ನಡದವರೇ ಇದ್ದೆವು. ಹೋಟೆಲ್ ನಡೆಸುವ ಕುಂದಾಪುರದ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಒಬ್ಬರು, ಹೀಗೆ. ಉಪವನ ಕೆರೆ ಹತ್ತಿರ ಸೇರಿ ಯೇವೂರ್ ಗುಡ್ಡ ಹತ್ತುತ್ತಿದ್ದೆವು. ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನ ಅಂಚು, ಚಿರತೆ ಇರುವ ಜಾಗ. ಹಾಗಾಗಿ ಪೂರ್ತಿ ಬೆಳಕಾಗುವ ತನಕ ಕೆಳಗೇ ನಿಂತು ಮಾತಾಡುತ್ತಿದ್ದೆವು. ಪೆಡ್ಡರ್ ರೋಡಿನ ಭಯ ಅಲ್ಲೇ ಅರ್ಧ ಹೋಯಿತು. ಯೇವೂರ್ ಏರಿನ ಮುಂದೆ ಅದು ಏನೂ ಅಲ್ಲ.

ಸೆಪ್ಟೆಂಬರ್‌ನಲ್ಲಿ ಸಾತಾರಾ ಹಿಲ್ ಹಾಫ್ ಮ್ಯಾರಥಾನ್‌ಗೂ ಹೋಗಿ ಬಂದೆವು. ಯವತೇಶ್ವರ ಘಾಟಿನಲ್ಲಿ ಮೊದಲರ್ಧ ಬರೀ ಹತ್ತುವುದು, ಆಮೇಲೆ ಬರೀ ಇಳಿಯುವುದು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ತೊಡೆ ಹೋಗುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತಿರುತ್ತದೆ ನೋಡಿ. ಅದಕ್ಕೇ ಮರುದಿನ ಕುರ್ಚಿಯಿಂದ ಏಳುವುದೂ ಕಷ್ಟ. ಪೆಡ್ಡರ್ ರೋಡಿನ ಆಚೆ ಕೆಂಪ್ಸ್ ಕಾರ್ನರ್ ಇಳಿಜಾರು ಇದೆಯಲ್ಲ, ಅದನ್ನು ಹೇಗೆ ಇಳಿಯಬೇಕು ಅಂತ ಸಾತಾರಾದಲ್ಲೇ ತಿಳಿಯಿತು. ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಾಗಿರಬೇಕು, ಹಿಂದಕ್ಕೆ ವಾಲಬಾರದು.

ಆದರೆ ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ನವಿ ಮುಂಬೈನ ಪಾಮ್ ಬೀಚ್ ರೋಡ್. ವಾಶಿಯಿಂದ ಬೇಲಾಪುರದ ತನಕ ಉದ್ದಕ್ಕೆ ಬಿದ್ದ ಸಪಾಟು ರಸ್ತೆ. ಉಳಿದವರು ಬಿಸಿಲು ಬರುವ ಮೊದಲು ಮುಗಿಸೋಣ ಅಂತ ನಾಲ್ಕೂವರೆಗೇ ಹೊರಡುತ್ತಿದ್ದರು. ನಾನು ಕೆಲವು ಭಾನುವಾರ ಬೇಕಂತಲೇ ತಡವಾಗಿ ಹೊರಟೆ. ಕೊನೆಯ ಗಂಟೆ ಒಂಬತ್ತೂವರೆಯ ಬಿಸಿಲಲ್ಲಿ ಬೀಳಬೇಕು ಅನ್ನುವ ಲೆಕ್ಕ. ನನ್ನ ವೇಗಕ್ಕೆ ಐದು ಗಂಟೆ ಮೇಲೆ ಬೇಕು ಅಂತ ಗೊತ್ತಿತ್ತು. ಅಂದರೆ ಓಟದ ದಿನವೂ ಹತ್ತರ ಬಿಸಿಲು ತಪ್ಪಿದ್ದಲ್ಲ. ‘ಮೂರು ಗಂಟೆಯೊಳಗೆ ಮುಗಿಸೋರಿಗೆ ಬರೆದ ಪ್ಲಾನು ನಮ್ಮಂಥೋರಿಗೆ ಯಾಕೆ ರೀ?’ ಅಂತ ಧಾರವಾಡದವರಿಗೆ ಕೇಳಿದೆ. ಅವರು ನಕ್ಕು, ಮುಂದಿನ ವಾರದಿಂದ ತಾವೂ ತಡವಾಗಿ ಬಂದರು.

ಹುಬ್ಬಳ್ಳಿಯಲ್ಲಿ ಜನವರಿ ಅಂದರೆ ಒಣ ಚಳಿ. ಬೆವರು ಬಂದರೂ ಅಲ್ಲೇ ಆರಿಹೋಗುತ್ತದೆ, ಮೈ ತಣ್ಣಗಾಗುತ್ತದೆ. ಮುಂಬೈನಲ್ಲಿ ಬೆಳಗಿನ ಹವೆ ತಂಪಿದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಮೈಯ ಶಾಖ ಒಳಗೇ ಉಳಿಯುತ್ತದೆ, ಎದೆಬಡಿತ ಏರುತ್ತಾ ಹೋಗುತ್ತದೆ. ನನಗೆ ಎಷ್ಟು ಬೆವರು ಹೋಗುತ್ತದೆ ಅಂತ ನೋಡಲು ಒಂದು ಸುಲಭ ಪರೀಕ್ಷೆ ಮಾಡಿದೆ. ಓಟಕ್ಕೆ ಮುಂಚೆ ತೂಕ ನೋಡುವುದು, ನೀರು ಕುಡಿಯದೆ ಒಂದು ಗಂಟೆ ಓಡುವುದು, ಮೈ ಒರೆಸಿಕೊಂಡು ಮತ್ತೆ ತೂಕ ನೋಡುವುದು. ಒಂದು ಕಿಲೋ ಇಳಿದರೆ ಒಂದು ಲೀಟರ್ ಹೋಯಿತು ಅಂತ ಅರ್ಥ. ನನ್ನದು 900 ಗ್ರಾಂ ಹತ್ತಿರ ಬಂತು. ಅಷ್ಟನ್ನೂ ನೀರಿನಿಂದಲೇ ತುಂಬಲು ಹೋಗಬಾರದು. ಬರೀ ನೀರು ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ನೀರು ಕಡಿಮೆ ಆಗುವುದಕ್ಕಿಂತ ಅಪಾಯ. ಹಾಗಾಗಿ ಸೊಂಟದ ಚೀಲದಲ್ಲಿ ಓಆರ್‌ಎಸ್ ಪುಡಿ ಇಟ್ಟುಕೊಂಡೆ.

ತಿನ್ನುವುದರ ಬಗ್ಗೆ ಒಂದು ಮಾತು. ಶೇಂಗಾ ಚಿಕ್ಕಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. 25 ಕಿ.ಮೀ. ಓಡಿ ಬಾಯಿ ಒಣಗಿದ ಮೇಲೆ ಚಿಕ್ಕಿ ಜಗಿದು ನೋಡಿ. ಹಲ್ಲಿಗೆ ಅಂಟುತ್ತದೆ, ಚೂರು ಗಂಟಲಲ್ಲಿ ಸಿಕ್ಕಿ ಕೆಮ್ಮು ಬರುತ್ತದೆ. ನಾನು ಬೀಜ ತೆಗೆದ ಖರ್ಜೂರಕ್ಕೆ ಉಪ್ಪು ಸವರಿ ಸಣ್ಣ ಪೊಟ್ಟಣ ಮಾಡಿಕೊಂಡೆ, ಜೊತೆಗೆ ಎರಡು ಜೆಲ್, ಓಟಗಾರರು ಹೀರುವ ಸಕ್ಕರೆ ಪಾಕದ ಪೊಟ್ಟಣ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಬೇಕು. ಇಲ್ಲದಿದ್ದರೆ 30 ಕಿ.ಮೀ. ಸುತ್ತಮುತ್ತ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಇಂಧನ ಖಾಲಿಯಾಗಿ ಕಾಲು ಮಾತು ಕೇಳುವುದಿಲ್ಲ. ಓಟಗಾರರು ಅದನ್ನೇ ‘ವಾಲ್’, ಅಂದರೆ ಗೋಡೆ, ಅನ್ನುವುದು.

ಇನ್ನೊಂದು ನಿರ್ಧಾರಕ್ಕೆ ಗುಂಪಿನಲ್ಲಿ ನಗೆಯೆದ್ದಿತ್ತು. ನಾಲ್ಕು ನಿಮಿಷ ಓಡುವುದು, ಒಂದು ನಿಮಿಷ ನಡೆಯುವುದು, ಅದೂ ಮೊದಲ ಕಿಲೋಮೀಟರಿನಿಂದಲೇ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಈ ಪದ್ಧತಿಯನ್ನು ಜನಪ್ರಿಯ ಮಾಡಿದರು. ‘ನಡೆಯೋದಾದ್ರೆ ಮ್ಯಾರಥಾನ್ ಯಾಕೆ ಮಾರಾಯ್ತಿ?’ ಅಂದರು ಕುಂದಾಪುರದವರು. ಸುಸ್ತಾದ ಮೇಲೆ ನಡೆಯುವುದಕ್ಕೂ ಸುಸ್ತಾಗದಿರಲಿ ಅಂತ ನಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ ಅಂತ ನನ್ನ ಕಾಲಿಗೆ ಗೊತ್ತಾಗಿತ್ತು.

ಓಟದ ದಿನ ಬೆಳಗಿನ ಜಾವಕ್ಕೆ ರೈಲ್ವೆಯವರು ವಿಶೇಷ ಲೋಕಲ್ ಬಿಟ್ಟಿದ್ದರು. ಠಾಣೆಯಲ್ಲಿ ಹತ್ತಿದೆ. ಡಬ್ಬಿ ತುಂಬಾ ಬಿಬ್, ಅಂದರೆ ಎದೆ ಮೇಲಿನ ನಂಬರ್ ಚೀಟಿ, ಹಾಕಿಕೊಂಡವರೇ. ನೋವಿನ ಬಾಮ್ ಮತ್ತು ಬಾಳೆಹಣ್ಣಿನ ವಾಸನೆ. ಎಂದೂ ಸೀಟು ಸಿಗದ ಆ ಲೈನಿನಲ್ಲಿ ಸೀಟಿದ್ದರೂ ಅರ್ಧ ಜನ ನಿಂತೇ ಇದ್ದರು, ಕಾಲು ಝಾಡಿಸುತ್ತಾ. ಓಟ ಶುರುವಾಗುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಮುಂದೆ ಟಾಯ್ಲೆಟ್ ಸಾಲು ಇಷ್ಟುದ್ದ. ಹೆಂಗಸರಿಗೆ ಒಂದು ಕಿವಿಮಾತು: ಮನೆಯಲ್ಲೇ ಎಲ್ಲ ಮುಗಿಸಿ ಹೊರಡುವ ಹಾಗೆ ಎರಡೂವರೆಗೆ ಏಳಿ. ಸಾಲಿನಲ್ಲಿ ನಿಂತು ಕಳೆಯುವ ಅರ್ಧ ಗಂಟೆ ಕಾಲಿಗೂ ಮನಸ್ಸಿಗೂ ಒಳ್ಳೆಯದಲ್ಲ.

ಸಿಎಸ್‌ಎಂಟಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2004ರಲ್ಲಿ. ಈ ಮ್ಯಾರಥಾನ್ ಶುರುವಾದದ್ದೂ ಅದೇ ವರ್ಷ. ದೀಪ ಹಾಕಿದ ಆ ಕಟ್ಟಡದ ಎದುರು ಐದು ಗಂಟೆಯ ಕತ್ತಲಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತಾಗ ಯಾರಿಗೂ ನಿಧಾನ ಓಡೋಣ ಅನಿಸುವುದಿಲ್ಲ. ಮೊದಲ ನಾಲ್ಕು ನಿಮಿಷ ಮುಗಿದು ನಾನು ನಡೆಯಲು ಶುರು ಮಾಡಿದಾಗ ಹಿಂದಿನಿಂದ ಒಬ್ಬ ಹುಡುಗ ‘ಆಂಟಿ, ಕಾಯ್ ಝಾಲಂ?’ (ಏನಾಯ್ತು?) ಅಂತ ಕೇಳಿ ಓಡಿಹೋದ. ಅವನ ಬಿಬ್ ನಂಬರ್ ನೆನಪಿಟ್ಟುಕೊಂಡೆ. ಸ್ವಲ್ಪ ಹಟ ಇರಬೇಕಲ್ವಾ?

ಮಾರ್ಗ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು, ನಾನು ಹೇಳುತ್ತಿರುವುದು ನಾನು ಓಡಿದ ವರ್ಷದ್ದು. ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ, ವರ್ಲಿ ಎಲ್ಲ ಕತ್ತಲಲ್ಲೇ ಹಿಂದೆ ಹೋದವು. ಆಮೇಲೆ ಸಮುದ್ರದ ಮೇಲಿನ ಬಾಂದ್ರಾ-ವರ್ಲಿ ಸೀ ಲಿಂಕ್. 2009ರಲ್ಲಿ ತೆರೆದ ಈ ಸೇತುವೆ ಮೇಲೆ ಬೇರೆ ದಿನ ನಡೆಯಲು ಬಿಡುವುದಿಲ್ಲ, ಸ್ಕೂಟರ್‌ಗೂ ಪ್ರವೇಶ ಇಲ್ಲ. ಏಳೂಕಾಲರ ಹೊತ್ತಿಗೆ ಬಲಗಡೆ ಮಾಹಿಮ್ ಕೊಲ್ಲಿಯ ಆಚೆ, ಕಟ್ಟಡಗಳ ಹಿಂದಿನಿಂದ ಸೂರ್ಯ ಬಂದ. ಎಲ್ಲರೂ ಫೋನ್ ತೆಗೆದು ಫೋಟೋಗೆ ನಿಂತರು. ನಾನು ನಿಲ್ಲಲಿಲ್ಲ, ಆದರೆ ನನ್ನ ಒಂದು ನಿಮಿಷದ ನಡಿಗೆ ಅಲ್ಲಿ ಎರಡು ನಿಮಿಷ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಶಿವಾಜಿ ಪಾರ್ಕ್ ಬರುವ ಹೊತ್ತಿಗೆ ಹಿಂದಿನಿಂದ ಪೊಲೀಸ್ ಸೀಟಿ. ಎಲ್ಲರನ್ನೂ ಪಕ್ಕಕ್ಕೆ ಸರಿಸಿದರು. ಗಡಿಯಾರ ಹೊತ್ತ ಗಾಡಿ, ಅದರ ಹಿಂದೆ ಆಫ್ರಿಕಾದ ಎಲೀಟ್ ಓಟಗಾರರ, ಅಂದರೆ ಗೆಲ್ಲಲೆಂದೇ ಓಡುವ ವೃತ್ತಿಪರರ, ಸಣ್ಣ ಗುಂಪು. ನಮಗಿಂತ ಎರಡು ಗಂಟೆ ತಡವಾಗಿ ಹೊರಟವರು! ಹೆಜ್ಜೆಯ ಸದ್ದೇ ಇಲ್ಲ. ನಮ್ಮ ಕಡೆಯಿಂದ ಮಾತ್ರ ತಪ್ ತಪ್ ಸದ್ದು. ಇಲ್ಲಿನ ದಾಖಲೆ ಇಥಿಯೋಪಿಯಾದ ಹೈಲೆ ಲೆಮಿ 2023ರಲ್ಲಿ ಓಡಿದ 2 ಗಂಟೆ 7 ನಿಮಿಷ 32 ಸೆಕೆಂಡ್. ಗಂಟೆಗೆ 20 ಕಿ.ಮೀ. ಹತ್ತಿರ. ಜಿಮ್‌ನ ಟ್ರೆಡ್‌ಮಿಲ್‌ನಲ್ಲಿ ಆ ವೇಗ ಹಾಕಿ ಒಂದು ನಿಮಿಷ ನಿಂತು ನೋಡಿ, ಅವರು ಏನು ಮಾಡುತ್ತಿದ್ದಾರೆ ಅಂತ ತಿಳಿಯುತ್ತದೆ.

ಅಲ್ಲೇ ಮಾತುಂಗಾದಿಂದ ಬಂದ ನನ್ನ ನಾದಿನಿ ಫ್ಲಾಸ್ಕ್ ಹಿಡಿದು ನಿಂತಿದ್ದಳು. ಶುಂಠಿ ಜಜ್ಜಿ ಉಪ್ಪು ಹಾಕಿದ ನೀರು ಮಜ್ಜಿಗೆ. ಪಾಮ್ ಬೀಚ್ ರೋಡಿನಲ್ಲಿ ಅದನ್ನೇ ಕುಡಿದು ಹೊಟ್ಟೆ ತಡೆಯುತ್ತದೆ ಅಂತ ಖಾತ್ರಿ ಮಾಡಿಕೊಂಡಿದ್ದೆ. ಓಟದ ದಿನ ಹೊಸದೇನೂ ಹೊಟ್ಟೆಗೆ ಹಾಕಬಾರದು. ಪಕ್ಕದಲ್ಲಿ ನಿಂತಿದ್ದ ಮರಾಠಿ ಅಜ್ಜಿಯೊಬ್ಬರು ಕಿತ್ತಳೆ ತೊಳೆ ಬಿಡಿಸಿ, ಬೀಜ ಕೂಡ ತೆಗೆದು ಕೈಗಿಟ್ಟರು. ಮುಂಬೈ ಜನ ಈ ಒಂದು ಬೆಳಗ್ಗೆ ಹೇಗೆ ಹೀಗೆ ಆಗುತ್ತಾರೋ ಗೊತ್ತಿಲ್ಲ. ಮರುದಿನ ಇದೇ ಊರಿನ ಲೋಕಲ್‌ನಲ್ಲಿ ಮೊಣಕೈಯಿಂದ ತಿವಿಯುತ್ತಾರೆ.

ಸಿದ್ಧಿವಿನಾಯಕ ದಾಟಿ ವರ್ಲಿ, ಹಾಜಿ ಅಲಿ. ರಸ್ತೆ ತುಂಬಾ ಒದ್ದೆ ಸ್ಪಂಜು, ನೀರಿನ ಬಾಟಲಿ, ಬಾಳೆಹಣ್ಣಿನ ಸಿಪ್ಪೆ. ಆಮೇಲೆ ಬಂತು ಪೆಡ್ಡರ್ ರೋಡ್. ನನ್ನ ಲೆಕ್ಕ ಮೊದಲೇ ಗಟ್ಟಿಯಾಗಿತ್ತು: ಏರು ಪೂರ್ತಿ ನಡೆಯುವುದು, ಬಿರುಸಾಗಿ, ಕೈ ಬೀಸುತ್ತಾ. ಒಂಬತ್ತೂವರೆ ಆಗಿತ್ತು. ಎಡಗಡೆಯ ದೊಡ್ಡ ಕಟ್ಟಡಗಳಿಂದ ರಸ್ತೆಯ ಆ ಅಂಚಿಗೆ ಎರಡು ಅಡಿ ನೆರಳು ಬಿದ್ದಿತ್ತು. ಹೇಳಿಕೊಟ್ಟ ಹಾಗೆ ಎಲ್ಲರೂ ಆ ಎರಡು ಅಡಿಯಲ್ಲೇ ಒಬ್ಬರ ಹಿಂದೆ ಒಬ್ಬರು. ಡಿವೈಡರ್ ಹಿಡಿದು ಮೀನಖಂಡ ಎಳೆಯುತ್ತಾ ನಿಂತವರು, ಸ್ಪ್ರೇ ಹಿಡಿದ ಸ್ವಯಂಸೇವಕರು, ಡೋಲು, ಬಾಲ್ಕನಿಯಿಂದ ಚಪ್ಪಾಳೆ. ಅಷ್ಟು ಜನರ ಮಧ್ಯೆ ಯಾರು ಬಿಟ್ಟು ಕೂರುತ್ತಾರೆ ಹೇಳಿ? ಜಸ್ಲೋಕ್ ಆಸ್ಪತ್ರೆ ಬಂದದ್ದೇ ಗೊತ್ತಾಗಲಿಲ್ಲ. ಅಲ್ಲಿ, ಡಿವೈಡರ್ ಪಕ್ಕ, ಬೆಳಗಿನ ಆ ಹುಡುಗ ಕಾಲು ಹಿಡಿದುಕೊಂಡು ಕೂತಿದ್ದ. ಹಟ ಎಲ್ಲಿ ಹೋಯಿತೋ, ಉಪ್ಪಿನ ಖರ್ಜೂರ ಎರಡು ಕೊಟ್ಟೆ.

ಕೆಂಪ್ಸ್ ಕಾರ್ನರ್ ಇಳಿದು ಚೌಪಾಟಿ ತಿರುವು ದಾಟಿದರೆ ಮರೀನ್ ಡ್ರೈವ್. ಡೋಲು ಹಿಂದೆ ಉಳಿಯಿತು. ಬಲಕ್ಕೆ ಸಮುದ್ರ, ಎಡಕ್ಕೆ ಜಿಮ್‌ಖಾನಾಗಳ ಬಯಲು. ನೆರಳು ಕೊಡುವ ಒಂದು ಗೋಡೆ ಇಲ್ಲ. ರಸ್ತೆ ಕಾದ ಹಂಚು. ಬಿಲ್ಲಿನ ಹಾಗೆ ಬಾಗಿದ ರಸ್ತೆ ಆದ್ದರಿಂದ ದೂರದ ನಾರಿಮನ್ ಪಾಯಿಂಟ್ ಕಟ್ಟಡಗಳು ಸ್ಪಷ್ಟ ಕಾಣುತ್ತವೆ, ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ರಾತ್ರಿ ಕ್ವೀನ್ಸ್ ನೆಕ್ಲೇಸ್ ಅಂತ ಮೆಚ್ಚುವ ಅದೇ ಬಾಗು ಹತ್ತರ ಬಿಸಿಲಲ್ಲಿ ಸಾಕು ಸಾಕು ಮಾಡುತ್ತದೆ. ನನ್ನ ಸುತ್ತ ಓಡುತ್ತಿದ್ದವರು ಬಹಳ ಕಡಿಮೆ. ಪೆಡ್ಡರ್ ರೋಡಿನಲ್ಲಿ ಛಲದಿಂದ ಓಡಿ ಹತ್ತಿದ್ದವರೆಲ್ಲ ಇಲ್ಲಿ ನಡೆಯುತ್ತಿದ್ದರು, ಒಬ್ಬರೂ ಮಾತಾಡದೆ.

ನಾನು ಪಾಮ್ ಬೀಚ್ ರೋಡಿನಲ್ಲಿ ಕಲಿತದ್ದನ್ನು ಮಾಡಿದೆ. ದೂರ ನೋಡಲಿಲ್ಲ. ಟೋಪಿ ಕೆಳಗೆಳೆದು ಹತ್ತಡಿ ಮುಂದಿನ ಡಾಂಬರು ಮಾತ್ರ ನೋಡಿದೆ. ನಾಲ್ಕು ನಿಮಿಷ ಈಗ ಎರಡು ನಿಮಿಷ ಆಗಿತ್ತು. ಎರಡು ಓಟ, ಒಂದು ನಡಿಗೆ. ಪ್ರತಿ ನೀರಿನ ಟೇಬಲ್‌ನಲ್ಲೂ ಒಂದು ಗುಟುಕು ಬಾಯಿಗೆ, ಉಳಿದದ್ದು ಕುತ್ತಿಗೆಗೆ ಮತ್ತು ಮಣಿಕಟ್ಟಿಗೆ. ತಲೆಗೆ ಸುರಿದುಕೊಂಡರೆ ಶೂ ಒದ್ದೆಯಾಗಿ ಬೊಬ್ಬೆ ಏಳುತ್ತದೆ. ಮನಸ್ಸಿಗೆ ಕೆಲಸ ಬೇಕಲ್ಲ, ಮಗ್ಗಿ ಹೇಳಿಕೊಂಡೆ. ಹದಿನೇಳರ ಮಗ್ಗಿ ಏಳಕ್ಕೇ ನಿಂತುಹೋಯಿತು, ಎಷ್ಟು ಸಲ ಶುರು ಮಾಡಿದರೂ.

ಚರ್ಚ್‌ಗೇಟ್ ಕಡೆ ತಿರುಗಿದಾಗ ಮರದ ನೆರಳು ಸಿಕ್ಕಿತು. ಹುತಾತ್ಮ ಚೌಕ ದಾಟಿ ಕೊನೆಯ ಗೆರೆ ಮುಟ್ಟಿದಾಗ ಐದೂವರೆ ಗಂಟೆಯ ಒಳಗಿತ್ತು. ಕುಂದಾಪುರದವರು ಅರ್ಧ ಗಂಟೆ ಮೊದಲೇ ಮುಗಿಸಿ ಆಜಾದ್ ಮೈದಾನದಲ್ಲಿ ಅಂಗಾತ ಮಲಗಿದ್ದರು. ‘ಮರೀನ್ ಡ್ರೈವ್ ಪೂರಾ ನಡ್ದೆ ಮಾರಾಯ್ತಿ’ ಅಂದರು. ನಾನು ಏನೂ ಹೇಳಲಿಲ್ಲ, ಮುಂದಿನ ವರ್ಷಕ್ಕೆ ಅವರೇ ವಾಚಿನಲ್ಲಿ ನಾಲ್ಕು-ಒಂದು ಸೆಟ್ ಮಾಡಿಕೊಂಡಿದ್ದಾರೆ.

ವಾಪಸ್ಸು ಬರುವಾಗ ಮಾತುಂಗಾದಲ್ಲಿ ಇಳಿದು ಮೊಸರನ್ನ ತಿಂದೆವು. ಸಿಹಿ ಯಾರಿಗೂ ಬೇಡವಾಗಿತ್ತು, ಉಪ್ಪಿನಕಾಯಿ ಮಾತ್ರ ಎರಡೆರಡು ಸಲ ಹಾಕಿಸಿಕೊಂಡೆವು. ಠಾಣೆ ಸ್ಟೇಷನ್ನಿನ ಸೇತುವೆ ಹತ್ತಿದ್ದು ಹೇಗೋ ಆಯಿತು, ಇಳಿಯುವುದು ಆಗಲಿಲ್ಲ. ಕಂಬಿ ಹಿಡಿದು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದೆ. ನೋಡಿದವರು ನಗಲಿ, ತೊಡೆಗೆ ಅದೇ ಸುಲಭ. ಈ ಉಪಾಯ ಬುಧವಾರದ ತನಕ ಆಫೀಸಿನಲ್ಲೂ ನಡೆಯಿತು.