ಟೀವಿ ತಗೊಳ್ಳಿಕ್ಕೆ ಹೋಗುವಾಗ ಜೇಬಲ್ಲೊಂದು ಪೆನ್‌ಡ್ರೈವ್ ಇರಲಿ

ಓಣಂ ಆಫರ್ ಶುರುವಾದ ಕೂಡಲೇ ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯಿಂದ ಯಾರಾದ್ರೂ ಒಬ್ರು ಫೋನ್ ಮಾಡಿ "ಕಮ್ಮಿಗೆ ಯಾವ ಟೀವಿ ಒಳ್ಳೇದು ಮಾರಾಯ್ರೇ" ಅಂತ ಕೇಳ್ತಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ, ಅಂಗಡಿಯಲ್ಲಿ ಯಾವುದು ಫಳಫಳ ಹೊಳೀತದೋ ಅದನ್ನೇ ತಂದಾಗಿರ್ತದೆ. ಅದಕ್ಕೆ ಈ ಸಲ ಬರೆದೇ ಬಿಡುವಾ ಅಂತ.

ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಇಂಚು ಅಂದ್ರೆ ಪರದೆಯ ಮೂಲೆಯಿಂದ ಮೂಲೆಗೆ, ಅಗಲ ಅಲ್ಲ. 43ರದ್ದು ಅಗಲಕ್ಕೆ ಸುಮಾರು 96 ಸೆಂಟಿಮೀಟರ್, 32ರದ್ದು 72ರ ಹತ್ರ. ನಮ್ಮ ಭಾವ ಶೋಕೇಸಿನ ಗೂಡು ಮೂರಡಿ ಉಂಟಲ್ಲಾ ಅಂತ 43 ತಂದ್ರು, ಮೂರಡಿ ಅಂದ್ರೆ 91 ಸೆಂಟಿಮೀಟರ್, ಟೀವಿ ಈಗ ಊಟದ ಮೇಜಿನ ಮೇಲೆ ಕೂತಿದೆ.

ಸೈಜು: ಕೋಣೆಗೆ 32, ಚಾವಡಿಗೆ 43. 43 ಆದ್ರೆ 4ಕೆನೇ (ಪರದೆಯಲ್ಲಿ ಚುಕ್ಕೆ ಜಾಸ್ತಿ, ಚಿತ್ರ ಸ್ಪಷ್ಟ) ತಗೊಳ್ಳಿ. 32ಕ್ಕಿಂತ ದೊಡ್ಡದಕ್ಕೆ ಜಿಎಸ್‌ಟಿ ಜಾಸ್ತಿ ಅಂತ ಇದ್ದದ್ದು ಈಗಿಲ್ಲ, 2025ರ ಸೆಪ್ಟೆಂಬರ್ 22ರಿಂದ 28 ಹೋಗಿ 18 ಪರ್ಸೆಂಟ್ ಆಗಿದೆ.

ಇನ್ನು ಅಂಗಡಿ. ಎಲ್ರೂ ಮೋಸ ಹೋಗುದು ಇಲ್ಲೇ. ಅಲ್ಲಿ ಸಾಲಾಗಿ ನೇತುಹಾಕಿದ ಟೀವಿಗಳೆಲ್ಲ ಡೆಮೋ ಮೋಡಲ್ಲಿ ಇರ್ತವೆ, ಬ್ರೈಟ್‌ನೆಸ್ಸು ಬಣ್ಣ ಎರಡೂ ತುದಿಗೆ ಏರಿಸಿ, ಗಿಳಿ, ಜಲಪಾತ, ಹಣ್ಣು ಕುಯ್ಯುವ ವಿಡಿಯೋ ಹಾಕಿರ್ತಾರೆ, ಅದರಲ್ಲಿ ಎಂಥಾ ಡಬ್ಬಾ ಪ್ಯಾನೆಲ್ಲೂ ಚಂದ ಕಾಣ್ತದೆ. ಪಿಕ್ಚರ್ ಮೋಡನ್ನು 'ಸ್ಟಾಂಡರ್ಡ್' ಮಾಡಿಸಿ. ಮತ್ತೆ ನಿಮ್ಮ ಪೆನ್‌ಡ್ರೈವ್ ಹಾಕಿಸಿ. ನಾನು ಯಾವಾಗ್ಲೂ ಯಕ್ಷಗಾನದ ರಾತ್ರಿ ಆಟದ ಒಂದು ತುಂಡು ವಿಡಿಯೋ ಕೊಂಡೋಗುದು, ಬಣ್ಣದ ವೇಷ ತೆರೆ ಸರಿಸಿ ಬರುವ ಜಾಗ. ಮುಖದ ಮೇಲಿನ ಚುಟ್ಟಿ, ಅಂದ್ರೆ ಆ ಬಿಳಿ ಚುಕ್ಕೆ, ಒಂದೊಂದೇ ಬಿಡಿಬಿಡಿಯಾಗಿ ಕಾಣ್ತದಾ, ಬಿಳಿ ಮುದ್ದೆಯಾಗ್ತದಾ? ಕೆಂಪಿನೊಳಗೆ ಗೆರೆ ಉಳೀತದಾ? ವೇಷ ಗಿರ್ರ ತಿರುಗುವಾಗ ಕಿರೀಟದ ಹಿಂದೆ ನೆರಳು ಎಳೀತದಾ? ಇಷ್ಟು ನೋಡಿದ ಮೇಲೆ ಎದುರಿಂದ ಎದ್ದು ಬದಿಗೆ ಹೋಗಿ ನಿಲ್ಲಿ, ಯಾಕಂದ್ರೆ ಮನೆಯಲ್ಲಿ ಎಲ್ರೂ ನಟ್ಟ ನಡುವೆ ಕೂತು ನೋಡುದಿಲ್ಲ. ಪರದೆಯ ಪ್ಯಾನೆಲ್ಲಲ್ಲಿ ಐಪಿಎಸ್, ವಿಎ ಅಂತ ಜಾತಿ ಉಂಟು. ಐಪಿಎಸ್ ಪ್ಯಾನೆಲ್ಲಾದ್ರೆ ಬದಿಯಿಂದಲೂ ಬಣ್ಣ ಕೆಡುದಿಲ್ಲ, ಕಪ್ಪು ಮಾತ್ರ ಸ್ವಲ್ಪ ಬೂದಿ ಬೂದಿ. ವಿಎ ಆದ್ರೆ ಕಪ್ಪು ಚಂದ, ಬದಿಯಿಂದ ಬಣ್ಣ ಪೇಲವ. ಮಂದಿ ಜಾಸ್ತಿ ಇರುವ ಮನೆಗೆ ಐಪಿಎಸ್ಸೇ ಸರಿ ಅಂತ ನನ್ನ ವಾದ.

ಸೇಲ್ಸ್‌ನ ಹುಡುಗ ಎಚ್‌ಡಿಆರ್ (ಬೆಳಕು ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ ತಂತ್ರ) ಅಂತ ಹತ್ತು ಸಲ ಹೇಳ್ತಾನೆ, ಹೇಳ್ಲಿ. ಪರದೆ ಬೆಳಕು ಬರೇ 250 ನಿಟ್ಸ್ (ಬೆಳಕಿನ ಅಳತೆ) ಇದ್ರೆ ಆ ಸ್ಟಿಕ್ಕರಿಂದ ಏನೂ ಆಗ್ಲಿಕ್ಕಿಲ್ಲ. ರ‍್ಯಾಮ್ 1 ಜಿಬಿ ಇದ್ದದ್ದು ಬೇಡ, ವರ್ಷದೊಳಗೆ ಯೂಟ್ಯೂಬ್ ತೆರೀಲಿಕ್ಕೆ ಹೋದ್ರೆ ಚಾ ಕುಡಿದು ಬರಬಹುದು. ಟೀವಿ ಒಳಗಿನ ಸಾಫ್ಟ್‌ವೇರ್ 'ಆಂಡ್ರಾಯ್ಡ್ ಇದ್ದ ಹಾಗೇ' ಅಂದ್ರೆ ಅಲ್ಲೇ ಬಿಡಿ. ಗೂಗಲ್ ಟೀವಿ, ವೆಬ್‌ಒಎಸ್, ಟೈಜನ್, ಇಂಥದ್ದು ಯಾವುದಾದ್ರೂ ಸರಿಯಾದ್ದು ಇರಲಿ.

ದುಡ್ಡು ಕೊಡುವ ಮೊದಲು ಕಂಪನಿಯ ಕಸ್ಟಮರ್ ಕೇರಿಗೆ 671ರಿಂದ ಶುರುವಾಗುವ ನಿಮ್ಮ ಕಾಸರಗೋಡಿನ ಪಿನ್‌ಕೋಡ್ ಹೇಳಿ, ಮನೆಗೆ ಜನ ಬರ್ತಾರಾ ಅಂತ ಕೇಳಿ. ತಲಪಾಡಿ ಗಡಿ ದಾಟಿ ಮಂಗಳೂರಲ್ಲಿ ತಗೊಳ್ಳುವವರಂತೂ ಖಂಡಿತ ಕೇಳ್ಬೇಕು, ಬಿಲ್ಲು ಅಲ್ಲಿಯದ್ದಾದ್ರೂ ರಿಪೇರಿಗೆ ಬರ್ಬೇಕಾದ್ದು ನಿಮ್ಮ ಮನೆಗೆ.

ತರುವಾಗ ಪೆಟ್ಟಿಗೆ ನಿಲ್ಲಿಸಿಯೇ ತನ್ನಿ. ಜೀಪಲ್ಲಿ ಅಡ್ಡ ಮಲಗಿಸಿ ತಂದು ಪರದೆ ಒಡೆದ್ರೆ ವಾರಂಟಿ ಇಲ್ಲ.

ಗೋಡೆಗೆ ಹಾಕುದಾದ್ರೆ ಒಂದು ಮಾತು. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ, ಡ್ರಿಲ್ ಇಟ್ರೆ ಸಾಕು, ಪುಡಿಯಾಗಿ ತೂತು ದೊಡ್ಡದಾಗ್ತದೆ, ಪೆಟ್ಟಿಗೆಯಲ್ಲಿ ಬಂದ, ಸ್ಕ್ರೂ ಕೂರಿಸುವ ಸಣ್ಣ ಪ್ಲಗ್ಗು ಹಿಡಿಯುದಿಲ್ಲ. ಉದ್ದದ್ದು ತರಿಸಿ, ಡ್ರಿಲ್ಲಿನ ಹ್ಯಾಮರ್ (ಕುಟ್ಟುವ ಮೋಡು) ಆಫ್ ಮಾಡಿ ಕೊರೆಯಲಿಕ್ಕೆ ಹೇಳಿ. ನಂಬಿಕೆ ಇಲ್ಲದಿದ್ರೆ ಸ್ಟಾಂಡಲ್ಲೇ ಇಡಿ.

ಅಂಗಡಿಯವರು ಸ್ಟೆಬಿಲೈಸರನ್ನೂ ಹಿಡಿಸ್ಲಿಕ್ಕೆ ನೋಡ್ತಾರೆ. ಟೀವಿ ಹಿಂದೆ 100ರಿಂದ 240 ವೋಲ್ಟ್ ಅಂತ ಬರೆದಿದ್ರೆ ಅದು ಬೇಡ, ಸಿಡಿಲಿಗೆ ಅದು ಉಪಕಾರವೂ ಇಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾದ್ರೆ ಸ್ವಿಚ್ಚು ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಎಳೀರಿ, ಡಿಶ್ಶಿನ ವಯರೂ ತೆಗೀರಿ. ಇಂಟರ್ನೆಟ್ಟಿನ ಫೈಬರ್ ವಯರಲ್ಲಿ ಕರೆಂಟ್ ಬರುದಿಲ್ಲ ಅಂತ ಸುಮ್ಮನಿರ್ಬೇಡಿ, ಮೋಡೆಮ್ಮಿನ ಅಡಾಪ್ಟರಿಂದ ಲ್ಯಾನ್ ವಯರಲ್ಲಿ ಟೀವಿಗೆ ದಾರಿ ಉಂಟು, ಅದನ್ನೂ ಕಿತ್ತು ಬದಿಗಿಡಿ.