ಹಂಬಲ, ಹವ್ಯಾಸ ಮತ್ತು ನಡುವಿನ ಸೋರಿಕೆ: ನಾನು ವಾರವನ್ನು ಜೋಡಿಸಿಕೊಳ್ಳುವ ರೀತಿ

ಕೆಲಸದಲ್ಲಿ ಮೇಲೆ ಬರಬೇಕೆನ್ನುವ ಹಂಬಲಕ್ಕೂ ಸಂಜೆ ನಿರಾಳವಾಗಿ ಕೂತು ಚಿತ್ರ ಬರೆಯುವ ಖುಷಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಬಹಳ ಜನ ಅಂದುಕೊಂಡಿದ್ದಾರೆ. ವಾರದ ಲೆಕ್ಕ ಬರೆದು ನೋಡಿದರೆ ಜಗಳ ಇವೆರಡರ ಮಧ್ಯೆ ಇರುವುದು ಕಡಿಮೆ. ಎರಡನ್ನೂ ತಿಂದು ಹಾಕುವುದು ಮೂರನೆಯದು: ಕೆಲಸವೂ ಅಲ್ಲದ, ವಿಶ್ರಾಂತಿಯೂ ಅಲ್ಲದ ಹೊತ್ತು. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಮೇಲ್ ಇಣುಕುವುದು, ಟಿ.ವಿ. ಮುಂದೆ ಕೂತು ನಾಳೆಯ ಮೀಟಿಂಗಿನ ಚಿಂತೆ ಮಾಡುವುದು, ‘ಐದೇ ನಿಮಿಷ’ ಅಂತ ಮೊಬೈಲ್ ಹಿಡಿದು ಮುಕ್ಕಾಲು ಗಂಟೆ ಕಳೆಯುವುದು. ಇದಕ್ಕೆ ನಾನಿಟ್ಟ ಹೆಸರು ಸೋರಿಕೆ.

ಹಾಗಾಗಿ ಮೊದಲ ಕೆಲಸ ಸೋರಿಕೆ ಅಳೆಯುವುದು. ಒಂದು ಹಾಳೆಯಲ್ಲಿ ದಿನಕ್ಕೊಂದರಂತೆ 7 ಕಂಬ, ಅರ್ಧ ಗಂಟೆಗೊಂದರಂತೆ 48 ಸಾಲು ಎಳೆಯಿರಿ. ಒಟ್ಟು 336 ಮನೆಗಳಾಗುತ್ತವೆ. ಒಂದೊಂದು ಮನೆಗೆ ಒಂದೊಂದೇ ಅಕ್ಷರ: ನಿದ್ದೆಗೆ ‘ನಿ’, ಸಂಬಳದ ಕೆಲಸ, ಓಡಾಟಕ್ಕೆ ‘ಕ’, ಸಂಬಳದ ಕೆಲಸದಾಚೆ, ಮೇಲೆ ಬರಲೆಂದು ಮಾಡುವ ಹಂಬಲದ ಕೆಲಸಕ್ಕೆ ‘ಹ’, ಮನೆಗೆಲಸ, ಸ್ನಾನ, ಊಟಕ್ಕೆ ‘ಮ’, ಖುಷಿಗೆ ‘ಖು’, ಸೋರಿಕೆಗೆ ‘ಸೋ’. ದಿನಕ್ಕೆ ನಾಲ್ಕು ಸಲ ತುಂಬಬೇಕು. ರಾತ್ರಿ ಒಟ್ಟಿಗೆ ತುಂಬಿದರೆ ಲೆಕ್ಕ ಸುಳ್ಳಾಗುತ್ತದೆ, ಏಕೆಂದರೆ ಸೋರಿದ ಹೊತ್ತು ನೆನಪಿನಲ್ಲಿ ಉಳಿಯುವುದೇ ಇಲ್ಲ. ಒಂದು ಮನೆ ಖುಷಿಯೋ ಸೋರಿಕೆಯೋ ಎಂಬ ಅನುಮಾನ ಬಂದರೆ ಒಂದೇ ಪ್ರಶ್ನೆ: ಇದನ್ನು ನಾನೇ ಬೇಕೆಂದು ಶುರು ಮಾಡಿದೆನೋ, ತಾನಾಗಿ ಶುರುವಾಯಿತೋ? ಬೇಕೆಂದು ಕೂತು ನೋಡಿದ ಸಿನಿಮಾ ‘ಖು’. ಸಿನಿಮಾ ಹುಡುಕುತ್ತಾ ಕಳೆದದ್ದು ‘ಸೋ’.

ಲೆಕ್ಕ ಹೀಗೆ ಬರುತ್ತದೆ. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆ ಕಳೆದರೆ 112. ಕೆಲಸ, ಓಡಾಟ ಸೇರಿ 55 ಅಂತ ಹಿಡಿದರೆ ಉಳಿಯುವುದು 57. ಮನೆಗೆಲಸ, ಊಟ, ಸ್ನಾನಕ್ಕೆ ದಿನಕ್ಕೆ ಮೂರೂವರೆ ಗಂಟೆ ಬಿಟ್ಟರೂ 32.5 ಗಂಟೆ, ಅಂದರೆ 65 ಮನೆ ಕೈಯಲ್ಲಿರಬೇಕು. ಹಾಳೆಯಲ್ಲಿ ‘ಹ’ ಮತ್ತು ‘ಖು’ ಸೇರಿ ಎಷ್ಟಿವೆ ಎಣಿಸಿ. 65ಕ್ಕೆ ಕಡಿಮೆ ಬಿದ್ದದ್ದೆಲ್ಲ ಎಲ್ಲೋ ಸೋರಿದೆ. (ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಎರಡು ಕಡೆ ದುಡಿಯುವವರಿಗೆ ಈ 65 ಎಂಬುದೇ ಕನಸು. ಅಂಥವರು ಸೋರಿಕೆ ಹುಡುಕುವ ಬದಲು ಮನೆಯವರ ಜೊತೆ ಸಂಜೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು: ಮಂಗಳವಾರ ನನ್ನದು, ಗುರುವಾರ ನಿನ್ನದು ಅಂತ.)

ಸೋರಿಕೆಯ ದೊಡ್ಡ ತೂತು ಇರುವುದು ಕೆಲಸ ಮುಗಿಯುವ ಹೊತ್ತಿನಲ್ಲಿ. ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ, ಎಲ್ಲಿ, ಹೇಗೆ ಮುಂದುವರಿಸುತ್ತೇನೆಂದು ನಿಖರವಾಗಿ ಬರೆದಿಟ್ಟರೂ ಕೊರೆತ ಕಡಿಮೆಯಾಗುತ್ತದೆ ಎಂದು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇಲ್ಲಿ ‘ನಿಖರವಾಗಿ’ ಎಂಬ ಮಾತಿಗೇ ತೂಕ. ‘ನಾಳೆ: ವರದಿ’ ಎಂದು ಬರೆದರೆ ಏನೂ ಬರೆಯದಂತೆಯೇ. ‘ನಾಳೆ 9.30ಕ್ಕೆ, ವರದಿಯ ಎರಡನೇ ಕೋಷ್ಟಕ ತೆರೆದು ಕಳೆದ ತಿಂಗಳ ಅಂಕಿ ತುಂಬುವುದು. ಅಂಕಿ ಸಿಗದಿದ್ದರೆ ಲೆಕ್ಕಪತ್ರ ವಿಭಾಗಕ್ಕೆ ಫೋನ್’ ಎಂದು ಬರೆದರೆ ತಲೆ ಅದನ್ನು ಕೆಳಗಿಳಿಸುತ್ತದೆ.

ಇದಕ್ಕೆ ನಾನು ಕೊನೆಯ 15 ನಿಮಿಷ ಇಡುತ್ತೇನೆ. ಮೊದಲ 5 ನಿಮಿಷ ಮೇಲ್ ಮತ್ತು ಮೆಸೇಜ್ ಕೊನೆಯ ಬಾರಿ ನೋಡುವುದು. ಉತ್ತರ ಬರೆಯುವುದಿಲ್ಲ, ನಾಳೆಯ ಪಟ್ಟಿಗೆ ಸೇರಿಸುವುದಷ್ಟೇ. ಆಮೇಲೆ 7 ನಿಮಿಷ ಅರ್ಧಕ್ಕೆ ನಿಂತ ಕೆಲಸಗಳಿಗೆ ಮೇಲೆ ಹೇಳಿದಂಥ ಒಂದೊಂದು ಸಾಲು, ಮೂರಕ್ಕಿಂತ ಹೆಚ್ಚು ಬೇಡ. ಉಳಿದ 3 ನಿಮಿಷದಲ್ಲಿ ಮೇಜು ಖಾಲಿ ಮಾಡಿ, ನಾಳೆ ಮೊದಲು ಬೇಕಾಗುವ ಕಾಗದ ಮಾತ್ರ ಮೇಲಿಟ್ಟು ಏಳುವುದು. ಇದು ಕೆಡುವುದು ಒಂದೇ ಕಡೆ: ಮೊದಲ 5 ನಿಮಿಷದಲ್ಲಿ. ‘ಇದೊಂದಕ್ಕೆ ಉತ್ತರ ಕೊಟ್ಟುಬಿಡೋಣ’ ಎಂದು ಶುರು ಮಾಡಿದರೆ ಆ ಉತ್ತರಕ್ಕೊಂದು ಪ್ರತ್ಯುತ್ತರ ಬರುತ್ತದೆ, 15 ನಿಮಿಷ ಒಂದು ಗಂಟೆಯಾಗುತ್ತದೆ.

ಸಂಜೆಯ ಮೆಸೇಜುಗಳ ಕಾಟಕ್ಕೆ ಮೇಲಧಿಕಾರಿಗೆ ಮೊದಲೇ ಹೇಳಿಟ್ಟ ಮಾತು ಕೆಲಸಕ್ಕೆ ಬರುತ್ತದೆ: “ಸರ್, ಏಳರ ಮೇಲೆ ತುರ್ತಿದ್ದರೆ ಫೋನ್ ಮಾಡಿ, ಖಂಡಿತ ಎತ್ತುತ್ತೇನೆ. ಮೆಸೇಜ್ ಆದರೆ ಬೆಳಗ್ಗೆ ನೋಡುತ್ತೇನೆ.” ಆಗುವುದಿಲ್ಲ ಎಂದು ಎಲ್ಲೂ ಹೇಳಿಲ್ಲ, ನೋಡಿ. ಮೆಸೇಜ್ ಒತ್ತುವುದು ಸುಲಭ. ಫೋನ್ ಮಾಡುವ ಮುನ್ನ ಇದು ನಿಜಕ್ಕೂ ತುರ್ತೇ ಅಂತ ಯಾರಾದರೂ ಒಂದು ಕ್ಷಣ ಯೋಚಿಸುತ್ತಾರೆ. ಆ ಒಂದು ಕ್ಷಣವೇ ಜರಡಿ. ಆದರೆ ಫೋನ್ ಬಂದಾಗ ಎತ್ತಲೇಬೇಕು. ಎರಡು ಸಲ ತಪ್ಪಿಸಿದರೆ ಒಪ್ಪಂದ ಮುರಿದುಬಿದ್ದಂತೆ.

ಹಂಬಲದ ಕೆಲಸದ ವಿಚಾರ ಹೆಚ್ಚು ಹೇಳುವಂಥದ್ದಿಲ್ಲ. 12 ವಾರಕ್ಕೆ ಒಂದೇ ಗುರಿ. ವಾರಕ್ಕೆ 90 ನಿಮಿಷದ ಮೂರು ಹೊತ್ತು, ಅಂದರೆ 9 ಮನೆ. ಬೆಳಗ್ಗೆ ಸಾಧ್ಯವಿದ್ದರೆ ಬೆಳಗ್ಗೆಯೇ. ದಿನದ ದುಡಿಮೆ ಮುಗಿಸಿ ರಾತ್ರಿ ಒಂಬತ್ತೂವರೆಗೆ ಕೂತವರ ತಲೆ ಓಡುವುದಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆಂದು ಅನಿಸುತ್ತದೋ ಅದನ್ನು ಒಂದೂವರೆಯಿಂದ ಗುಣಿಸಿ ಬರೆದುಕೊಳ್ಳುತ್ತೇನೆ. ನಮ್ಮ ಕೆಲಸದ ಅಂದಾಜು ಯಾವಾಗಲೂ ಕಡಿಮೆಯೇ ಬೀಳುತ್ತದೆ. ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಈ ದೋಷಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ (ಯೋಜನೆಯ ತಪ್ಪೆಣಿಕೆ) ಎಂದು ಹೆಸರಿಟ್ಟಿದ್ದಾರೆ. ತಪ್ಪಿದ ಹೊತ್ತನ್ನು ಭಾನುವಾರಕ್ಕೆ ತಳ್ಳುವುದು ಮಾತ್ರ ಕೂಡದು. ಹಾಗೆ ತಳ್ಳಿದ ಸಾಲ ತೀರಿಸುವುದು ಖುಷಿಯ ಮನೆಗಳಿಂದಲೇ. ತಪ್ಪಿದರೆ ತಪ್ಪಿತು. ಒಂದೇ ದಿನದ ಹೊತ್ತು ಎರಡು ವಾರ ಸತತವಾಗಿ ತಪ್ಪಿದರೆ ಶಿಸ್ತು ಸಾಲದೆಂದು ಬೈದುಕೊಳ್ಳುವ ಬದಲು ದಿನ ಬದಲಿಸಿ.

ಖುಷಿಯ ಕಡೆ ಬಂದರೆ, ಬಿಡುವಿದ್ದರೂ ಹವ್ಯಾಸ ನಡೆಯದಿರುವುದಕ್ಕೆ ಕಾರಣ ಹೆಚ್ಚಾಗಿ ತಯಾರಿಯೇ. ಜಲವರ್ಣವನ್ನೇ ತೆಗೆದುಕೊಳ್ಳಿ. ಬೀರುವಿನಿಂದ ಪೆಟ್ಟಿಗೆ ಇಳಿಸಬೇಕು, ಕಾಗದ ಕತ್ತರಿಸಬೇಕು, ಹಲಗೆಗೆ ಟೇಪ್ ಹಚ್ಚಬೇಕು, ನೀರು ತರಬೇಕು, ಒಣಗಿದ ಬಣ್ಣ ನೆನೆಸಬೇಕು. ಐದು ಹೆಜ್ಜೆ. ದಣಿದವರು ಎರಡನೇ ಹೆಜ್ಜೆಗೇ ಮೊಬೈಲ್ ಕಡೆ ತಿರುಗುತ್ತಾರೆ. ಆದ್ದರಿಂದ ಭಾನುವಾರ 20 ನಿಮಿಷ ಕೂತು ಅಂಚೆ ಕಾರ್ಡಿನ ಅಳತೆಯ ಆರು ಹಾಳೆ ಕತ್ತರಿಸಿ, ಎರಡನ್ನು ಹಲಗೆಗೆ ಟೇಪ್ ಹಾಕಿ, ಕಣ್ಣಿಗೆ ಬೀಳುವ ಕಡೆ ಇಟ್ಟುಬಿಡುತ್ತೇನೆ. ಸಂಜೆ ನೀರು ತಂದರೆ ಸಾಕು. ಎರಡು ಹಾಳೆ ಯಾಕೆಂದರೆ, ಮೊದಲ ತೆಳುಬಣ್ಣ ಒಣಗುವವರೆಗೆ ಕಾಯಬೇಕು. ಮೊಬೈಲ್ ನುಸುಳುವುದು ಆ ಹತ್ತು ಹದಿನೈದು ನಿಮಿಷದಲ್ಲೇ. ಒಂದು ಒಣಗುತ್ತಿರುವಾಗ ಇನ್ನೊಂದಕ್ಕೆ ಕುಂಚ ಹಾಕಿದರೆ ಕೈಗೆ ಬಿಡುವಿರುವುದಿಲ್ಲ. ವಾದ್ಯ ನುಡಿಸುವವರಿಗೆ, ತೋಟ ಮಾಡುವವರಿಗೆ, ಓದುವವರಿಗೆ ಹೆಜ್ಜೆಗಳು ಬೇರೆ ಇರಬಹುದು, ಎಣಿಸುವ ರೀತಿ ಇದೇ: ಎರಡಕ್ಕಿಂತ ಹೆಚ್ಚು ಹೆಜ್ಜೆ ಇದ್ದರೆ ಹವ್ಯಾಸ ವಾರದ ದಿನ ನಡೆಯದು.

ಬಿಡುವು ಅಂದರೆ ಮಲಗುವುದೊಂದೇ ಅಲ್ಲ. ದಣಿವು ಇಳಿಸುವ ಅನುಭವಗಳನ್ನು ಸಂಶೋಧಕರಾದ ಸೊನ್ನೆನ್‌ಟಾಗ್ ಮತ್ತು ಫ್ರಿಟ್ಸ್ 2007ರಲ್ಲಿ ನಾಲ್ಕಾಗಿ ವಿಂಗಡಿಸಿದರು: ಕೆಲಸದಿಂದ ಮನಸ್ಸು ದೂರವಾಗುವುದು, ಮೈಮನ ಸಡಿಲಗೊಳ್ಳುವುದು, ಹೊಸದೊಂದು ಕೈವಶವಾಗುವುದು, ಹೊತ್ತು ತನ್ನ ಹಿಡಿತದಲ್ಲಿರುವುದು. ನಾನು ವಾರದ ‘ಖು’ ಮನೆಗಳ ಪಕ್ಕ ಈ ನಾಲ್ಕರಲ್ಲಿ ಯಾವುದೆಂದು ಗುರುತು ಹಾಕಿಕೊಳ್ಳುತ್ತೇನೆ. ಎಲ್ಲವೂ ಎರಡನೆಯದೇ ಆಗಿದ್ದರೆ ಭಾನುವಾರ ರಾತ್ರಿ ‘ರಜೆ ಹೋಯಿತು, ಏನೂ ಆಗಲಿಲ್ಲ’ ಅನಿಸುವುದಕ್ಕೆ ಕಾರಣ ಅಲ್ಲೇ ಇದೆ. ಇದರ ತಿರುಗುಮುರುಗು ರೋಗವೂ ಉಂಟು: ಹವ್ಯಾಸಕ್ಕೂ ಆಪ್ ಹಾಕಿ, ಸತತ ಎಷ್ಟು ದಿನ ಆಯಿತೆಂದು ಎಣಿಸಿ, ಬರೆದದ್ದನ್ನೆಲ್ಲ ಪೋಸ್ಟ್ ಮಾಡಿ ಲೈಕ್ ನೋಡುತ್ತಾ ಕೂರುವುದು. ಅಲ್ಲಿಗೆ ಅದು ಸಂಬಳವಿಲ್ಲದ ಎರಡನೇ ನೌಕರಿ.

ಗಡುವಿನ ವಾರಗಳು ಎಲ್ಲರಿಗೂ ಬರುತ್ತವೆ. ಆಗ ಹೆಚ್ಚು ದುಡಿಯುವುದು ತಪ್ಪಲ್ಲ, ಮುಗಿಯುವ ತಾರೀಖು ಬರೆಯದೆ ಶುರು ಮಾಡುವುದು ತಪ್ಪು. ಮೂರು ವಾರ ನನ್ನ ಮಿತಿ. ಅಷ್ಟು ದಿನವೂ ವಾರಕ್ಕೆ ಎರಡು ಸಲ 20 ನಿಮಿಷದ ಖುಷಿ ಉಳಿಸಿಕೊಳ್ಳುತ್ತೇನೆ. ಪೂರ್ತಿ ನಿಲ್ಲಿಸಿದರೆ ಮತ್ತೆ ಹತ್ತಿಸುವುದು ಕಷ್ಟ. ತಾರೀಖಿಲ್ಲದ ಗಡುವು ಹಾಗೇ ವರ್ಷವಾಗಿಬಿಡುತ್ತದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಹೇಳಿವೆ. ಮೇಲಿನ ಲೆಕ್ಕದ 55ರಲ್ಲಿ ಓಡಾಟವೂ ಸೇರಿತ್ತು; ಇಲ್ಲಿಯದು ಬರೀ ದುಡಿಮೆ.

12 ವಾರ ಕಳೆದ ಮೇಲೆ ಹಾಳೆ ಮತ್ತೆ ತುಂಬಬೇಕು, ಈ ಸಲ ಮೂರೇ ದಿನ: ಎರಡು ಕೆಲಸದ ದಿನ, ಒಂದು ರಜೆ. ‘ಸೋ’ ದಿನಕ್ಕೆ ಎರಡು ಮೂರು ಮನೆಗೆ ಇಳಿದಿದ್ದರೆ ಅಲ್ಲಿಗೇ ಬಿಡುತ್ತೇನೆ. ಆ ಮನೆಗಳನ್ನೂ ತುಂಬಲು ಹೊರಟಾಗ ಮೊದಲು ಕೊರತೆ ಬಿದ್ದದ್ದು ‘ನಿ’ ಮನೆಗಳಿಗೆ.