ಬೆಳಕು ತಗ್ಗಿಸಿದಾಗ ಕಂಡದ್ದು

ಕರಾವಳಿಯ ಸಣ್ಣ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿದ ಹೊಸತರಲ್ಲಿ ಸೂಕ್ಷ್ಮದರ್ಶಕದಲ್ಲಿ ಮೂತ್ರದ ಒಂದು ಸ್ಲೈಡ್ ನೋಡಿ ‘ಏನೂ ಇಲ್ಲ’ ಎಂದು ಬರೆದುಬಿಟ್ಟಿದ್ದೆ. ಹಿರಿಯ ಟೆಕ್ನಿಷಿಯನ್ ಬಂದು ಸ್ಲೈಡಿನ ಕೆಳಗೆ ಬೆಳಕು ಒಟ್ಟುಗೂಡಿಸುವ ಕಂಡೆನ್ಸರನ್ನು ಕೆಳಗಿಳಿಸಿ, ಬೆಳಕಿನ ಕಿಂಡಿಯಾದ ಡಯಾಫ್ರಂ ಕಿರಿದು ಮಾಡಿ, “ಈಗ ನೋಡು ಮಾರಾಯ್ತಿ” ಎಂದರು. ಖಾಲಿಯೆಂದುಕೊಂಡ ಜಾಗದಲ್ಲಿ ಗಾಜಿನ ಕೊಳವೆಯಂಥ ಹಯಲಿನ್ ಕಾಸ್ಟ್‌ಗಳು (ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಪ್ರೋಟೀನ್ ಗಟ್ಟಿಯಾಗಿ ಮೂಡಿದ ಅಚ್ಚುಗಳು) ಎದ್ದುಬಂದವು. ನನಗೆ ಮೈ ಜುಮ್ಮೆಂದಿತು. ಕಣ್ಣ ಮುಂದೆಯೇ ಇದ್ದುದನ್ನು ನಾನೇ ಬೆಳಕು ಸುರಿದು ಅಳಿಸಿಹಾಕಿದ್ದೆ.

ಬಣ್ಣ ಹಾಕದ ಕಾಸ್ಟ್, ಸುತ್ತಲಿನ ದ್ರವದಷ್ಟೇ ಪಾರದರ್ಶಕ. ಬೆಳಕಿನ ಕಿಂಡಿ ಕಿರಿದಾದರೆ ಅದರ ಅಂಚು ಗಾಢವಾಗುತ್ತದೆ. ಆದರೆ ಅತಿಯಾಗಿ ಕಿರಿದು ಮಾಡಿದರೆ ಸೂಕ್ಷ್ಮ ವಿವರ ಮಸುಕಾಗುತ್ತದೆ.

ಮಲೇರಿಯಾದ ರಕ್ತಲೇಪಕ್ಕೆ ಇದು ತಿರುಗುಮುರುಗು. ಅಲ್ಲಿ ಬಣ್ಣವಿದೆ, ಬೇಕಾದದ್ದು ವಿವರ. ಕಂಡೆನ್ಸರನ್ನು ಪೂರ್ತಿ ಏರಿಸುತ್ತೇನೆ. ಕಣ್ಣಿಡುವ ಮಸೂರವಾದ ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ, ಬೆಳಕಿನ ವೃತ್ತ ಮುಕ್ಕಾಲು ಭಾಗ ತುಂಬುವಷ್ಟು ಡಯಾಫ್ರಂ ತೆರೆಯುತ್ತೇನೆ. 100 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್‌ಗೆ (ಸ್ಲೈಡಿನ ಕಡೆಯ ಮಸೂರಕ್ಕೆ) ಎಣ್ಣೆ ಬೇಕೇಬೇಕು. ಗಾಜಿನಿಂದ ಗಾಳಿಗೆ ಬರುವಾಗ ಓರೆಯಾಗಿ ಬಾಗಿ ತಪ್ಪಿಹೋಗುವ ಕಿರಣಗಳನ್ನು, ಗಾಜಿನಷ್ಟೇ ವಕ್ರೀಭವನಾಂಕವಿರುವ, ಅಂದರೆ ಬೆಳಕನ್ನು ಗಾಜಿನಷ್ಟೇ ಬಾಗಿಸುವ (ಸುಮಾರು 1.5) ಎಣ್ಣೆ ಮಸೂರಕ್ಕೆ ತಲುಪಿಸುತ್ತದೆ. ಹಾಗಿದ್ದೂ ಸುಮಾರು ಕಾಲು ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹತ್ತಿರದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಅದು ಬೆಳಕಿನದೇ ಮಿತಿ; ಇನ್ನೂ ಬಲವಾದ ಐಪೀಸ್ ಹಾಕಿದರೆ ಮಸುಕು ದೊಡ್ಡದಾಗುತ್ತದೆ, ಅಷ್ಟೇ. ದಪ್ಪ ಲೇಪದಲ್ಲಿ ಕನಿಷ್ಠ 100 ಫೀಲ್ಡ್ (ಒಮ್ಮೆಗೆ ಕಾಣುವ ವೃತ್ತ) ನೋಡದೆ ‘ಇಲ್ಲ’ ಎಂದು ನಾನು ಬರೆಯುವುದಿಲ್ಲ. ಆ ಕಾಗದವನ್ನು ನಂಬಿ ಜ್ವರದ ರೋಗಿ ಮನೆಗೆ ಹೋಗುತ್ತಾನೆ.

ಯಾವ ಸ್ಲೈಡಾದರೂ 10 ಪಟ್ಟಿನಿಂದಲೇ ಶುರು. ಪಕ್ಕದಿಂದ ನೋಡುತ್ತಾ ಸ್ಲೈಡ್ ಇಡುವ ಸ್ಟೇಜನ್ನು ಮಸೂರಕ್ಕೆ ಹತ್ತಿರ ತಂದು, ಆಮೇಲೆ ಐಪೀಸಿನಲ್ಲಿ ನೋಡುತ್ತಾ ದೂರ ಸರಿಸಿ ಫೋಕಸ್ ಮಾಡುತ್ತೇನೆ. 40 ಪಟ್ಟಿಗೆ ಬಂದ ಮೇಲೆ ದೊಡ್ಡ ತಿರುಪು ಮುಟ್ಟುವಂತಿಲ್ಲ. ಮಸೂರಕ್ಕೂ ಗಾಜಿಗೂ ನಡುವೆ ಇರುವುದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್.

ನಮ್ಮ ಕಡೆಯ ಮಳೆಗಾಲ ಮಸೂರಕ್ಕೆ ದೊಡ್ಡ ಶತ್ರು. ಬೂಷ್ಟು ಒಮ್ಮೆ ಒಳಗೆ ಬೇರೂರಿದರೆ ಗಾಜನ್ನೇ ತಿನ್ನುತ್ತದೆ. ಜೂನ್ ಬಂತೆಂದರೆ ಸೂಕ್ಷ್ಮದರ್ಶಕದ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇನೆ. ಅದರ ನೀಲಿ ಹರಳು ಗುಲಾಬಿಗೆ ತಿರುಗಿದ ದಿನವೇ ಬಿಸಿಮಾಡಿ ಒಣಗಿಸುತ್ತೇನೆ. ಸಂಜೆ ಎಣ್ಣೆಯನ್ನು ಲೆನ್ಸ್ ಪೇಪರಿನಿಂದ ಒತ್ತಿ ತೆಗೆಯದೆ ದೀಪ ಆರಿಸುವುದಿಲ್ಲ, ಎಷ್ಟೇ ಹೊತ್ತಾಗಿದ್ದರೂ.